ಮುಂದಿನ ಚಕ್ರದ ಸದ್ದು

"ಈಗ ಕೇಳಿಸ್ತಾ ಅಪ್ಪ?"

ಮಗಳು ಸ್ಟಿಯರಿಂಗ್ ಹಿಡಿದುಕೊಂಡೇ ಪೂರ್ತಿ ಅವನ ಕಡೆ ತಿರುಗಿ ಕೇಳಿದಳು. ಮುಂದೆ ಲಾರಿಯೊಂದು ಹೋಗುತ್ತಿತ್ತು.

"ಮೊದ್ಲು ರಸ್ತೆ ನೋಡೇ," ಎಂದು ಅಪ್ಪ ಗದರಿದ. ಆಮೇಲೆ ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ಓರೆ ಮಾಡಿ, "ಹೂಂ, ಇದೆ," ಎಂದ.

"ಗುಂಯ್ ಅಂತ, ಅಲ್ವಾ? ದುಂಬಿ ಹಾರಿದ ಹಾಗೆ."

"ಹಾಗೇ."

ಅವನಿಗೆ ದುಂಬಿಯೂ ಕೇಳಿಸಿರಲಿಲ್ಲ, ಕಾರೂ ಕೇಳಿಸಿರಲಿಲ್ಲ.

ಶಾಲೆಯ ವ್ಯಾನು ಓಡಿಸಿಯೇ ತಲೆ ಬೆಳ್ಳಗಾದ ಮನುಷ್ಯ. ವ್ಯಾನ್ ಸ್ಟ್ಯಾಂಡಿನಲ್ಲಿ ಅವನನ್ನು ಸ್ಟೆತಸ್ಕೋಪ್ ಎಂದೇ ಕರೆಯುತ್ತಿದ್ದರು. ಬಾನೆಟ್ ಎತ್ತುವ ಮಾತೇ ಇಲ್ಲ, ಗಾಡಿಯ ಪಕ್ಕ ಒಂದು ಗಳಿಗೆ ನಿಂತು, ಬೆಲ್ಟು ಸಡಿಲ, ಬೇರಿಂಗ್ ಹೋಗಿದೆ ಎಂದು ಹೇಳಿಬಿಡುತ್ತಿದ್ದ. ಆ ಕಿವಿಯೇ ಈಗ ಕೈಕೊಟ್ಟಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತಿದ್ದ. ಮನೆಯಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ರಜೆ ಮುಗಿದು ನಾಳೆ ಶಾಲೆ ಶುರು. ವಿಷಯ ಗೊತ್ತಾದರೆ ವ್ಯಾನಿನ ಕೀಲಿ ಕಿತ್ತುಕೊಳ್ಳುತ್ತಾರೆ. ವ್ಯಾನಿಲ್ಲದ ಬೆಳಗು ಹೇಗಿರುತ್ತದೆ ಎಂದು ಯೋಚಿಸಲೂ ಅವನಿಗೆ ಭಯ.

ಹಾಗೆಂದು ಸುಮ್ಮನೆ ಕೂತಿರಲಿಲ್ಲ. ಚಪ್ಪಲಿ ಕಳಚಿ ಅಂಗಾಲನ್ನು ಕಾರಿನ ನೆಲಕ್ಕೆ ಒತ್ತಿದ. ಅಂಗೈಯನ್ನು ಬಾಗಿಲಿಗೆ ಇಟ್ಟ, ಡ್ಯಾಶ್‌ಬೋರ್ಡಿಗೆ ಇಟ್ಟ. ಅಂಥ ಸದ್ದು ಇದ್ದರೆ ಎಲ್ಲಾದರೂ ನಡುಕ ಇರಲೇಬೇಕು. ಇಂಜಿನ್ನಿನ ಮಾಮೂಲಿ ಅದುರು ಬಿಟ್ಟರೆ ಬೇರೇನೂ ಸಿಗಲಿಲ್ಲ. ಕಿವಿಯ ಜೊತೆಗೆ ಕೈಕಾಲಿನ ಸ್ಪರ್ಶವೂ ಹೋಯಿತೇ ಎಂದು ಹೆದರಿದ.

"ನ್ಯೂಟ್ರಲ್‌ಗೆ ಹಾಕು," ಎಂದ. ಅವಳು ಹಾಕಿದಳು. "ಈಗ ಹೆಚ್ಚಾಯ್ತೋ, ಕಡಿಮೆ ಆಯ್ತೋ?"

"ನನ್ನ ಕೇಳಿದ್ರೆ? ನೀನೇ ಹೇಳು."

ಕಣ್ಣು ಮುಚ್ಚಿ ಕತ್ತಲಲ್ಲಿ ಕಲ್ಲೆಸೆದಂತೆ, "ಹಾಗೇ ಇದೆ. ಅಂದ್ರೆ ಇಂಜಿನ್ ಅಲ್ಲ," ಎಂದ. ಅವಳು ತಲೆಯಾಡಿಸಿದಳು. ಅವನು ಮನಸ್ಸಿನಲ್ಲೇ ಬೆವರು ಒರೆಸಿಕೊಂಡ.

ಎಡಕ್ಕೆ ತಿರುಗಿಸಲು ಹೇಳಿದ, ಬಲಕ್ಕೆ ತಿರುಗಿಸಲು ಹೇಳಿದ. ಕೊನೆಗೆ ಗಂಭೀರವಾಗಿ, "ಬಲಗಡೆ ಮುಂದಿನ ಚಕ್ರ. ಬೇರಿಂಗ್," ಎಂದು ತೀರ್ಪು ಕೊಟ್ಟ.

"ಬೇರಿಂಗ್ ಎರಡೂ ಕಡೆ ಹೋದ ತಿಂಗಳು ತಾನೇ ಹೊಸದು ಹಾಕ್ಸಿದ್ದು."

"ಗ್ಯಾರೇಜಿನವರು ಏನಂದ್ರು?"

"ಅವರಿಗೆ ಏನೂ ಕೇಳಿಸಲಿಲ್ಲ."

"ಅವರಿಗೆ ಕಿವಿ ಇದ್ರೆ ತಾನೇ!" ಅಪ್ಪ ನಕ್ಕ. ಮಗಳು ನಗಲಿಲ್ಲ.

ಇದ್ದಕ್ಕಿದ್ದಂತೆ ಅವಳು ಕಾರನ್ನು ರಸ್ತೆಯ ಅಂಚಿಗೆ ಎಳೆದು ನಿಲ್ಲಿಸಿದಳು.

"ಇಲ್ಲಿ ಯಾಕೆ ನಿಲ್ಲಿಸ್ದೆ?"

ಅವಳು ಕನ್ನಡಿಯತ್ತ ನೋಡಿದಳು. ಕೆಂಪು ದೀಪ ತಿರುಗಿಸುತ್ತ ಆಂಬುಲೆನ್ಸ್ ಒಂದು ಅವರ ಕಾರನ್ನು ಸವರಿಕೊಂಡೇ ಹಾದುಹೋಯಿತು. ಅದು ಮುಂದಿನ ತಿರುವಿನಲ್ಲಿ ಮರೆಯಾಗುವವರೆಗೂ ಅಪ್ಪ ನೋಡುತ್ತಲೇ ಇದ್ದ.

"ಎಲ್ಲೋ ದೂರದಲ್ಲಿದೆ ಅಂದ್ಕೊಂಡೆ," ಎಂದ.

ಅವಳು ಮತ್ತೆ ಕಾರು ಹೊರಡಿಸಿದಳು. ಸ್ವಲ್ಪ ದೂರ ಹೋದ ಮೇಲೆ ಅವನ ಕಡೆ ತಿರುಗಿದಳು. "ಹಾಗಾದ್ರೆ ಇದು ಏನು ಸದ್ದು ಅಪ್ಪ? ಸರಿಯಾಗಿ ಹೇಳು. ಸಂಜೆ ಪಾಪುನ ಕೂರಿಸ್ಕೊಂಡು ಇದೇ ಕಾರಲ್ಲಿ ಊರಿಗೆ ಹೊರಡಬೇಕು. ದಾರಿ ಪೂರ್ತಿ ಹೈವೇ."

"ಟಯರ್ ಸದ್ದು. ಏನೂ ಆಗಲ್ಲ."

"ನಿಜವಾಗ್ಲೂ?"

"ನಾನು ಹೇಳ್ತಿಲ್ವಾ?"

"ಸರಿ ಬಿಡು. ನೀನು ಹೇಳಿದ ಮೇಲೆ ಮುಗೀತು."

ಮುಗಿಯಿತು. ವ್ಯಾನು ಉಳಿಯಿತು. ಅಪ್ಪ ನಿರಾಳವಾಗಿ ಸೀಟಿಗೆ ಒರಗಿದ. ಹಿಂದಿನ ಸೀಟಿನಲ್ಲಿ ಮೊಮ್ಮಗುವಿನ ಒಂದು ಕಾಲುಚೀಲ ಬಿದ್ದಿರುವುದು ಕನ್ನಡಿಯಲ್ಲಿ ಕಂಡಿತು. ಅವನ ಹೆಬ್ಬೆರಳಿಗೂ ಸಾಲದಷ್ಟು ಚಿಕ್ಕದು. ವೇಗದಲ್ಲಿರುವ ಗಾಡಿಯ ಚಕ್ರ ಕಳಚಿಕೊಂಡರೆ ಏನಾಗುತ್ತದೆ ಎಂಬುದನ್ನು ಅವನು ಹಿಂದೊಮ್ಮೆ ಕಣ್ಣಾರೆ ಕಂಡಿದ್ದ.

"ಸಂಜೆ ಬಸ್ಸಲ್ಲಿ ಹೋಗು," ಎಂದ.

"ಯಾಕೆ? ಏನೂ ಆಗಲ್ಲ ಅಂತ ಈಗ ತಾನೇ ಹೇಳ್ದೆ."

"ಹೇಳಿದ್ದು ಕೇಳು."

"ಕಾರಣ ಹೇಳು, ಕೇಳ್ತೀನಿ."

ಅಪ್ಪ ಮತ್ತೊಂದು ಸುಳ್ಳಿಗಾಗಿ ಹುಡುಕಿದ. ಕಾಲುಚೀಲದ ಎದುರು ಯಾವ ಸುಳ್ಳೂ ನಿಲ್ಲಲಿಲ್ಲ.

"ಕಾರು ನಿಲ್ಸು."

ಅವಳು ಸ್ವಲ್ಪ ಮುಂದೆ ಹೋಗಿ ಒಂದು ಕಟ್ಟಡದ ಮುಂದೆ ನಿಲ್ಲಿಸಿದಳು.

"ನಂಗೇನೂ ಕೇಳಿಸ್ತಿಲ್ಲ ಮಗಳೇ," ಎಂದ ಅಪ್ಪ. "ಇವತ್ತಿನ ಕಥೆ ಅಲ್ಲ, ಒಂದು ವರ್ಷ ಆಯ್ತು. ಬೇರಿಂಗೂ ಗೊತ್ತಿಲ್ಲ, ಟಯರೂ ಗೊತ್ತಿಲ್ಲ, ಎಲ್ಲಾ ಬಾಯಿಗೆ ಬಂದದ್ದು. ವ್ಯಾನಿನ ಕೀಲಿ ಬೇಕಾದ್ರೆ ಇವತ್ತೇ ತಗೋ. ಈ ಕಾರಲ್ಲಿ ಮಾತ್ರ ಮಗುನ ಕೂರಿಸ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಮಗಳ ಕಣ್ಣು ತುಂಬಿತ್ತು. ಆದರೆ ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಅವಳು ಇಂಜಿನ್ ಆಫ್ ಮಾಡಿದಳು. ಆಗ ಅವನು ಗಾಜಿನಾಚೆ ನೋಡಿದ. ಕಟ್ಟಡದ ಬಾಗಿಲ ಮೇಲೆ ಡಾಕ್ಟರ ಬೋರ್ಡಿತ್ತು. ಬೋರ್ಡಿನ ತುಂಬ ದೊಡ್ಡದೊಂದು ಕಿವಿಯ ಚಿತ್ರ.

ಮಗಳು ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ತುಟಿ ಚೆನ್ನಾಗಿ ಕಾಣುವಂತೆ, ನಿಧಾನವಾಗಿ ಹೇಳಿದಳು:

"ಕಾರಲ್ಲಿ ಯಾವ ಸದ್ದೂ ಇರ್ಲಿಲ್ಲ ಅಪ್ಪ."