ಅರೆಯದೆ ನೋಡುವ ಗಾಜು

ಚಿಕ್ಕಬೋರಮ್ಮ ಮೊಟ್ಟೆಯಿಟ್ಟು ಮುಗಿಸಿದ ತಾಯಿ ರೇಷ್ಮೆ ಚಿಟ್ಟೆಯನ್ನು ರೆಕ್ಕೆ ಹಿಡಿದೆತ್ತಿ ಪುಟ್ಟ ಅರೆಯುವ ಕಲ್ಲಿಗೆ ಹಾಕಿದಳು. ಒಂದಿಷ್ಟು ಔಷಧಿ ನೀರು ಬಿಟ್ಟು ಗುಂಡಿನಿಂದ ಅರೆದಳು. ಅರೆದದ್ದರಲ್ಲಿ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲಿಟ್ಟು ಪಕ್ಕಕ್ಕೆ ಸರಿಸಿದಳು. ನಾಜಿಮಾ ಅದನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿ, "ರೋಗ ಇಲ್ಲ" ಎಂದಳು. ಆ ಚಿಟ್ಟೆಯ ಮೊಟ್ಟೆ ಇನ್ನು ರೈತರ ಮನೆಗೆ ಹೋಗಬಹುದು. ತಾಯಿಯಿಂದ ಮರಿಗೆ ಅಂಟುವ ಗಂಟುರೋಗ ಕಂಡಿದ್ದರೆ ಮೊಟ್ಟೆಯೆಲ್ಲ ಒಲೆಗೆ. ಹಲಗೂರಿನ ಆ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಇಬ್ಬರದೂ ಹಳೆಯ ಜೋಡಿ. ಚಿಕ್ಕಬೋರಮ್ಮ ಅರೆಯುವುದು, ನಾಜಿಮಾ ನೋಡುವುದು.

"ಬೋರಕ್ಕ, ಆ ಕಾಗ್ದ ಪೋಸ್ಟಿಗೆ ಹಾಕಿದ್ಯಾ?"

"ಆಕ್ತೀನಿ ಬುಡಮ್ಮಿ."

"ಬಕ್ರೀದಿಗೂ ಇದೇ ಅಂದೆ. ಈಗ ನಿಮ್ ಗೌರಿ ಹಬ್ಬ ಬಂತು."

ಕಾಗದ ಚಿಕ್ಕಬೋರಮ್ಮನ ಊಟದ ಚೀಲದಲ್ಲೇ ಇತ್ತು. ಮುದ್ದೆ ನುಂಗಿದರೆ ಎದೆಯ ನಡುವೆ ನಿಂತುಬಿಡುತ್ತಿತ್ತು; ಈಗೀಗ ಅಂಬಲಿಯೇ ಊಟ. ಮಂಡ್ಯದ ಡಾಕ್ಟರಮ್ಮ ಕೊಳವೆ ಇಳಿಸಿ ನೋಡಿ, ಅನ್ನನಾಳದಲ್ಲಿ ಒಂದು ಕಡೆ ಬಣ್ಣ ಬೇರೆಯಾಗಿದೆ, ಒಂದು ಚೂರು ಕತ್ತರಿಸಿ ಪರೀಕ್ಷೆ ಮಾಡಬೇಕು ಎಂದಿದ್ದರು. ಕತ್ತರಿ ಮುಟ್ಟಿಸಬೇಡಿ ಎಂದು ಇವಳು ಹಟ ಹಿಡಿದಿದ್ದಳು. ಹಾಗಾದರೆ ಬೆಂಗಳೂರಿಗೆ ಹೋಗಿ ಎಂದರು ಅವರು. ಅಲ್ಲಿ ಪೆನ್ಸಿಲ್ಲಿನ ಕಡ್ಡಿಯಷ್ಟು ಸಣ್ಣ ಮೈಕ್ರೋಸ್ಕೋಪು ಇದೆಯಂತೆ. ಗಂಟಲಿನಿಂದ ಇಳಿಸಿ, ಲೇಸರ್ ಬೆಳಕಿನಲ್ಲಿ ಅಲ್ಲಿನ ಮಾಂಸದ ಕಣಕಣವನ್ನೂ ಇದ್ದಲ್ಲೇ ನೋಡುತ್ತಾರಂತೆ. ಒಪ್ಪಿಗೆ ಇದ್ದರೆ ಈ ಕಾಗದಕ್ಕೆ ಸಹಿ ಮಾಡಿ ಕಳಿಸಿ, ತಡ ಮಾತ್ರ ಮಾಡಬೇಡಿ ಎಂದು ವಿಳಾಸ ಬರೆದ ಲಕೋಟೆಯನ್ನೂ ಕೊಟ್ಟಿದ್ದರು.

"ಒಂದ್ಸಲ ಕೊಳವೆ ನುಂಗಿದ್ದೀಯ. ಇನ್ನೇನು ಭಯ?"

"ಕೊಳವೆಗಲ್ಲ ಕಣಮ್ಮಿ. ಮೈಕ್ರೋಸ್ಕೋಪು ಅಂದ್ರಲ್ಲ, ಅದುಕ್ಕೆ." ಚಿಕ್ಕಬೋರಮ್ಮ ಅರೆಯುತ್ತಲೇ ಹೇಳಿದಳು. "ಈ ಕೈಲಿ ಎಷ್ಟು ಚಿಟ್ಟೆ ಅರ್ದಿವ್ನಿ. ನೀನ್ ನೋಡಿದ್ದು ಒಂದಾದ್ರೂ ಎದ್ದು ರೆಕ್ಕೆ ಬಡೀತಾ? ರೋಗ ಕಂಡ್ರೆ ಎಲ್ಲಿಗೆ ಆಕ್ತೀರಿ ಅನ್ನೋದೂ ಗೊತ್ತು."

ನಗಲು ಹೋದ ನಾಜಿಮಾ ಅವಳ ಮುಖ ನೋಡಿ ಕೈಯಲ್ಲಿದ್ದ ಗಾಜಿನ ಪಟ್ಟಿಯನ್ನು ಕೆಳಗಿಟ್ಟಳು. ಅಂದಳು: "ಕೊಂದಿದ್ದು ನಿನ್ ಗುಂಡು, ನನ್ ಗಾಜಲ್ಲ. ಪಾಪ, ತಪ್ಪನ್ನ ಅದರ ಮೇಲ್ಯಾಕೆ ಹಾಕ್ತೀಯ?"

"ಅರೀದೆ ಇದ್ರೆ ನಿಂಗೆ ಕಾಣ್ತದಾ ಮತ್ತೆ?"

"ಕಾಣಲ್ಲ. ನನ್ ಗಾಜು ಚಿಟ್ಟೆ ಹೊಟ್ಟೆಯೊಳಕ್ಕೆ ಹೋಗಲ್ಲವಲ್ಲ, ಅದಕ್ಕೇ ಹೊಟ್ಟೇನೇ ಈಚೆಗೆ ತರೋದು. ಅವರ ಗಾಜು ತಾನೇ ಒಳಕ್ಕೆ ಹೋಗ್ತದೆ ಬೋರಕ್ಕ. ಇನ್ನು ಅರೆಯೋದು ಯಾಕೆ?"

ಗುಂಡು ಕಲ್ಲಿನಲ್ಲೇ ನಿಂತಿತು.

ಕಿರುಗಾವಲಿನ ರೈತರೊಬ್ಬರು ಬೆಳಿಗ್ಗೆ ಪರೀಕ್ಷೆಗೆಂದು ಡಬ್ಬಿಯಲ್ಲಿ ಹುಳ ತಂದಿಟ್ಟು ಹೋಗಿದ್ದರು. ಆಗಷ್ಟೇ ಪೊರೆ ಕಳಚಿ ಎದ್ದ ಎಳೆ ಹುಳಗಳು. ನಾಜಿಮಾ ಒಂದನ್ನು ಮೆಲ್ಲಗೆ ಎತ್ತಿ, ಅರೆಯದೆ, ಹಾಗೆಯೇ ಗಾಜಿನ ಮೇಲಿಟ್ಟು ಸ್ಟೂಲಿನಿಂದೆದ್ದಳು. "ಬಾ, ಕೂತ್ಕೋ."

ಚಿಕ್ಕಬೋರಮ್ಮ ಇಷ್ಟು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಕೂತವಳಲ್ಲ. ಕೈ ತೊಳೆದು, ಸೆರಗಿನಲ್ಲಿ ಒರೆಸಿ, ಕೂತಳು. ಮೊದಲು ಅವಳದೇ ರೆಪ್ಪೆಯ ನೆರಳು ಕಂಡಿತು. ಆಮೇಲೆ ಬೆಳಕು, ಬೆಳಕಿನಲ್ಲಿ ಹಾಲಿನಂಥ ತೊಗಲು. ಬೆನ್ನುದ್ದಕ್ಕೂ ಒಂದು ಗೆರೆ. ಅದು ಕುಗ್ಗಿತು, ಅರಳಿತು. ಮತ್ತೆ ಕುಗ್ಗಿತು, ಅರಳಿತು.

"ಇದೇನಮ್ಮಿ, ಮಿಡೀತಾ ಅದೆ?"

"ಅದರ ಗುಂಡಿಗೆ. ಹುಳಕ್ಕೆ ಬೆನ್ನಲ್ಲಿ ಇರ್ತದೆ."

ಚಿಕ್ಕಬೋರಮ್ಮನ ಕೈ ತಾನಾಗಿ ಎದೆಯ ನಡುವೆ, ಮುದ್ದೆ ನಿಲ್ಲುವ ಜಾಗಕ್ಕೆ ಹೋಯಿತು. ಬಹಳ ಹೊತ್ತು ಅವಳು ಗಾಜಿನಿಂದ ಕಣ್ಣು ಕೀಳಲಿಲ್ಲ. ನಾಜಿಮಾ ಹುಳವನ್ನು ಡಬ್ಬಿಗೆ ಬಿಟ್ಟಳು. ಅದು ತುಸು ಸುಮ್ಮನಿದ್ದು, ತಲೆಯೆತ್ತಿ, ಹಿಪ್ಪುನೇರಳೆ ಸೊಪ್ಪಿನ ಅಂಚನ್ನು ಮೇಯತೊಡಗಿತು.

"ನನ್ನೊಳಗೆ ಕೆಟ್ಟದ್ದೇ ಕಂಡ್ರೆ?"

"ಅದು ನಂಗೊತ್ತಿಲ್ಲ ಬೋರಕ್ಕ. ಕಂಡ್ರೆ ಔಷಧಿ ಹುಡುಕಬೋದು. ಒಲೆಗೆ ಹಾಕೋಕೆ ನೀನೇನು ಮೊಟ್ಟೆಯಾ?"

"ಮುಚ್ಚು ಬಾಯಿ. ಇನ್ನೂ ರಾಶಿ ಚಿಟ್ಟೆ ಅವೆ" ಎಂದು ಚಿಕ್ಕಬೋರಮ್ಮ ತನ್ನ ಜಾಗಕ್ಕೆ ಹೋಗಿ ಗುಂಡು ಹಿಡಿದಳು.

ಸಂಜೆ ಕೆಲಸ ಮುಗಿದ ಕೂಡಲೇ ನಾಜಿಮಾಳ ಪೆನ್ನು ಕಿತ್ತುಕೊಂಡು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದಳು. ಕೆಳಗೆ ದಪ್ಪ ಅಕ್ಷರದಲ್ಲಿ ತಾನೇ ಒಂದು ಸಾಲು ಬರೆದಳು: "ನೋಡಿ ಆದ ಮೇಲೆ ಅವತ್ತೇ ಊಟ ಮಾಡಬಹುದಾ ತಿಳಿಸಿ."

ಬಸ್ ನಿಲ್ದಾಣದ ಪಕ್ಕದ ಕೆಂಪು ಡಬ್ಬದ ಬಾಯಿಗೆ ಲಕೋಟೆಯನ್ನು ಅರ್ಧ ತೂರಿಸಿ ಅವಳು ಹಾಗೇ ನಿಂತಳು. ಹಿಂದಿನಿಂದ ಮಳವಳ್ಳಿ ಬಸ್ಸು ಹಾರ್ನ್ ಹೊಡೆಯಿತು. ಕೈ ಬಿಟ್ಟಳು. ಚಿಟ್ಟೆ ರೆಕ್ಕೆಯ ಬಿಳಿ ಪುಡಿಯಲ್ಲಿ ಒತ್ತಿದ ಅವಳ ಹೆಬ್ಬೆರಳಿನ ಗುರುತು ಲಕೋಟೆಯ ಜೊತೆ ಒಳಕ್ಕೆ ಇಳಿಯಿತು.