ಶಿಲುಬೆಯಿಲ್ಲದ ಬಾಗಿಲು

"ಬೆನಿಟಾ! ಆಶ್ಲಿ!"

ಆನ್ಸೆಲ್ಮ್ ಕೂಗಿದ್ದು ಗೋಡೆಗೆ ಬಡಿದು ಅವನಿಗೇ ವಾಪಸು ಬಂತು. ಗಲ್ಫಿನ ಅಲ್ ಗರಾಫಾ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಹೆಂಡತಿ ಇರಲಿಲ್ಲ, ಮಗಳಿರಲಿಲ್ಲ, ಸೋಫಾ ಕೂಡ ಇರಲಿಲ್ಲ. ಪ್ರಾರ್ಥನೆಯ ಆಲ್ತಾರಿನ ಮೇಲಿದ್ದ ಶಿಲುಬೆ ಹೋಗಿ ಗೋಡೆಯಲ್ಲಿ ಅದರ ಬಿಳಿ ಗುರುತು ಮಾತ್ರ ಉಳಿದಿತ್ತು. ವಿಮಾನ ನಿಲ್ದಾಣದಿಂದ ತಂದ ಪೆಟ್ಟಿಗೆ ಇನ್ನೂ ಕೈಯಲ್ಲೇ ಇತ್ತು.

ಸೊಂಟ ಮುರಿದುಕೊಂಡ ತಾಯಿಯನ್ನು ನೋಡಿಕೊಳ್ಳಲು ಹದಿನೈದು ದಿನಕ್ಕೆಂದು ಮಂಗಳೂರಿಗೆ ಹೋದವನು ಇಡೀ ಮಳೆಗಾಲ ಅಲ್ಲೇ ಕಳೆದಿದ್ದ. ವಾಪಸು ಹೊರಡುವ ವಾರ ಬೆನಿಟಾಳ ಫೋನು ಸತ್ತುಹೋಯಿತು. ಅವಳ ಆಫೀಸಿಗೆ ಮಾಡಿದರೆ ಪ್ರತಿ ಸಲವೂ ಒಂದೇ ಉತ್ತರ: "ಮೇಡಂ ಮೀಟಿಂಗಿನಲ್ಲಿದ್ದಾರೆ." ಬೆಳಗಿನಿಂದ ಸಂಜೆವರೆಗೆ ಅದೆಂಥ ಮೀಟಿಂಗು? ಯಾರೋ ಹಾಗೆ ಹೇಳಿಸುತ್ತಿದ್ದಾರೆ ಎಂದು ಅವನಿಗೆ ಆಗಲೇ ಅನ್ನಿಸಿತ್ತು.

ಅಡುಗೆಮನೆಗೆ ಓಡಿದ. ಸ್ಟೀಲ್ ತಟ್ಟೆಗಳನ್ನಷ್ಟೇ ಬಿಟ್ಟುಹೋಗಿದ್ದರು. ಈ ಮನೆಯಲ್ಲಿ ಪಿಂಗಾಣಿ ಬಾಳುವುದಿಲ್ಲವೆಂದು ಬೆನಿಟಾ ತರಿಸಿದ್ದ ತಟ್ಟೆಗಳು ಅವು. ಬಚ್ಚಲಿನ ಬಾಗಿಲಿಗೆ ಒಳಗಡೆ ಎರಡು ಚಿಲಕ. ಒಂದು ಹಳೆಯದು, ಬಗ್ಗಿದ್ದು. ಅದರ ಮೇಲೆ ಹೊಚ್ಚ ಹೊಸದೊಂದು. ಗಂಡಸಿಲ್ಲದ ಮನೆ, ಪಾಪ, ಎಷ್ಟು ಹೆದರಿದ್ದರೋ!

ಪಕ್ಕದ ಮನೆಯ ಆಯಿಷಮ್ಮ ಚೈನು ತೆಗೆಯದೆ, ಮುಖದಷ್ಟು ಮಾತ್ರ ಬಾಗಿಲು ತೆರೆದರು.

"ನನ್ನ ಹೆಂಡತಿ, ಮಗಳು ಎಲ್ಲಿ ಆಯಿಷಮ್ಮ?"

"ನನಗೆ ಗೊತ್ತಿಲ್ಲ ಮಾರಾಯ್ರೇ."

"ಯಾರಾದ್ರೂ ಬಂದು ಹೆದರಿಸಿದ್ರಾ? ನಿಜ ಹೇಳಿ."

ಆಯಿಷಮ್ಮ ಅವನ ಕೈಗಳನ್ನು ನೋಡಿದರು. "ಇಲ್ಲಪ್ಪ. ಇಷ್ಟು ದಿನ ಯಾರೂ ಬಂದಿರ್ಲಿಲ್ಲ."

ಬಾಗಿಲು ಮುಚ್ಚಿತು. ಬೀಗ ಎರಡು ಸುತ್ತು ತಿರುಗಿದ್ದು ಕೇಳಿಸಿತು.

ತನ್ನ ಹೊಸ್ತಿಲಲ್ಲಿ ಕೂತಾಗಲೇ ಅವನಿಗೆ ಅದು ಕಂಡದ್ದು. ತನ್ನದೇ ಬಾಗಿಲಿನ ಚೌಕಟ್ಟಿನಲ್ಲಿ, ಮಕ್ಕಳ ಕೈಗೆಟಕುವ ಎತ್ತರದಲ್ಲಿ, ಯಾರೋ ಕೈವಾರದ ಮೊನೆಯಿಂದ ಊರಿನ ಇನ್ನೊಂದು ಬಡಾವಣೆಯ ಹೆಸರು ಗೀರಿದ್ದರು: ಅಜೀಜಿಯಾ.

ಹೀಗೆ ಹೆಸರು ಗೀರುವ ಕಥೆ ಅವನಿಗೆ ಗೊತ್ತಿತ್ತು.

ಆಶ್ಲಿ ಓದುವುದು ಅಮೆರಿಕನ್ ಸಿಲೆಬಸ್ಸಿನ ಶಾಲೆಯಲ್ಲಿ. ರಜೆಗೆ ಮೊದಲು ಅವಳೂ ಎದುರುಮನೆಯ ಜೆಸಿಕಾಳೂ ಸೇರಿ ಒಂದು ಪ್ರಾಜೆಕ್ಟು ಮಾಡಿದ್ದರು. ಅದನ್ನು ವಿಡಿಯೋ ಕಾಲಿನಲ್ಲಿ ಅಪ್ಪನಿಗೆ ಹೇಳಿದ್ದಳು. ಈಗಿನ ನಾರ್ತ್ ಕೆರೊಲೈನಾದ ಒಂದು ದ್ವೀಪಕ್ಕೆ ಇಂಗ್ಲೆಂಡಿನಿಂದ ಬಂದು ಇಳಿದವರ ಕಥೆ. ಅವರ ಗವರ್ನರ್ ಸಾಮಾನು ತರಲು ಹಡಗು ಹತ್ತಿ ಹೋದ. ಹೋಗುವಾಗ ಒಂದು ಒಪ್ಪಂದ: ಜಾಗ ಬದಲಾಯಿಸಿದರೆ ಹೊಸ ಜಾಗದ ಹೆಸರು ಕೆತ್ತಿ ಹೋಗಿ; ಅಪಾಯವಿದ್ದರೆ ಹೆಸರಿನ ಮೇಲೊಂದು ಶಿಲುಬೆ ಹಾಕಿ. ಅವನು ಬರುವಷ್ಟರಲ್ಲಿ ಮೂರು ವರ್ಷ. ಕಂಬದ ಮೇಲೆ ಹೆಸರಿತ್ತು, ಶಿಲುಬೆ ಇರಲಿಲ್ಲ, ಜನವೂ ಇರಲಿಲ್ಲ. ಬಿರುಗಾಳಿಗೆ ಹೆದರಿ ಹಡಗು ತಿರುಗಿತು. ಅಲ್ಲೇ ಬಿಟ್ಟುಹೋಗಿದ್ದ ಮಗಳನ್ನೂ ಮೊಮ್ಮಗಳನ್ನೂ ಅವನು ಮತ್ತೆಂದೂ ಕಾಣಲಿಲ್ಲ.

"ಅವರು ಕಳೆದುಹೋದದ್ದು ಅಂತಾರೆ ಎಲ್ಲ. ನಂಗೆ ಹಾಗೆ ಅನ್ಸೋದಿಲ್ಲ ಪಪ್ಪಾ. ಅವರೇ ಹೋದದ್ದು," ಎಂದಿದ್ದಳು ಆಶ್ಲಿ. ಹಿಂದೆ ಈರುಳ್ಳಿ ಹೆಚ್ಚುತ್ತಿದ್ದ ಬೆನಿಟಾಳ ಕೈ ಆಗ ನಿಂತಿತ್ತು.

ಆನ್ಸೆಲ್ಮ್ ಹೆಸರಿನ ಮೇಲೆ, ಕೆಳಗೆ, ಸುತ್ತಲೂ ಬೆರಳಾಡಿಸಿ ನೋಡಿದ. ಶಿಲುಬೆ ಇರಲಿಲ್ಲ. ಅಬ್ಬಾ, ಬದುಕಿದ್ದಾರೆ! ಜಾಣೆ ನನ್ನ ಮಗಳು. ಆದರೆ ಯಾರು ಕರೆದುಕೊಂಡು ಹೋದರು? ಶಿಲುಬೆ ಹಾಕುವಷ್ಟೂ ಪುರುಸೊತ್ತು ಕೊಡಲಿಲ್ಲವೋ ಏನೋ!

ಶುಕ್ರವಾರ ಮಧ್ಯಾಹ್ನ. ನಮಾಜಿನ ಹೊತ್ತಿಗೆ ಅಜೀಜಿಯಾದ ಬೀದಿಗಳಲ್ಲಿ ನರಪಿಳ್ಳೆ ಇರಲಿಲ್ಲ. ಟ್ಯಾಕ್ಸಿ ಬಿಟ್ಟು, ಉರಿಬಿಸಿಲಿನಲ್ಲಿ ಪೆಟ್ಟಿಗೆ ಎಳೆದುಕೊಂಡು, ಗೇಟಿನಿಂದ ಗೇಟಿಗೆ ಇಣುಕುತ್ತ ನಡೆದ. ಶರ್ಟು ಬೆನ್ನಿಗಂಟಿತು. ಮಾತೆ ಮರಿಯೆ, ಒಂದು ಸಲ ಕಣ್ಣಿಗೆ ಬೀಳಿಸು. ಒಂದೇ ಸಲ. ಬಿರುಗಾಳಿಗೆ ಹೆದರಿ ತಿರುಗಿಹೋಗುವ ಗವರ್ನರ್ ನಾನಲ್ಲ.

ಮರಿಯಮ್ಮ ಕೇಳಿಸಿಕೊಂಡಳೋ ಏನೋ. ಹೋಳು ಹೋಳು ಮಾಡಿ ಬಾಡಿಗೆಗೆ ಕೊಟ್ಟಿದ್ದ ಒಂದು ವಿಲ್ಲಾದ ಅಂಗಳದಲ್ಲಿ ಬೆನಿಟಾಳ ಕಾರು ನಿಂತಿತ್ತು. ಕನ್ನಡಿಗೆ ಅದೇ ನೀಲಿ ಜಪಮಾಲೆ. ಕಾರಿನ ಪಕ್ಕದಲ್ಲೇ ಒಂದು ಬಿಳಿ ಬಾಗಿಲು. ಅಲ್ಲೂ ಶಿಲುಬೆ ಇರಲಿಲ್ಲ. ಇರುವುದಾದರೂ ಹೇಗೆ? ಈ ಊರಿನಲ್ಲಿ ಶಿಲುಬೆ ಏನಿದ್ದರೂ ಮನೆಯೊಳಗೆ. ಹೊರಬಾಗಿಲಿಗೆ ಯಾರೂ ಹಾಕುವುದಿಲ್ಲ.

ಕಿವಿಗೊಟ್ಟ. ಒಳಗೆ ಪಿಂಗಾಣಿ ತಟ್ಟೆಗಳ ಸದ್ದು. ಮೀನು ಸಾರಿನ ಪರಿಮಳ. ಆಮೇಲೆ ನಗು. ತಾಯಿಯೂ ಮಗಳೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬೆನಿಟಾ ಹೀಗೆ ನಕ್ಕದ್ದನ್ನು ಅವನು ಕೇಳಿ ಯಾವ ಕಾಲವಾಗಿತ್ತೋ!

ಬಾಗಿಲು ಬಡಿದ.

ಪುಟ್ಟ ಹೆಜ್ಜೆಗಳು ಓಡಿ ಬಂದವು. ಚೈನಿನಷ್ಟೇ ಬಾಗಿಲು ತೆರೆಯಿತು.

"ಜೆಸಿಕಾ?" ಎಂದ ಆಶ್ಲಿಯ ಮುಖದಲ್ಲಿ ಇನ್ನೂ ನಗು ಇತ್ತು, ಕೈಯಲ್ಲಿ ಕ್ರೆಯಾನು. ಮೇಲೆ ನೋಡಿದಳು. ನಗು ಆರಿತು.

"ಮಗಾ, ನೀನು ಬರೆದದ್ದು ನೋಡಿಯೇ ಬಂದೆ!"

"ಅದು... ಜೆಸಿಕಾಗೆ ಬರೆದದ್ದು, ಪಪ್ಪಾ. ಅವಳು ಊರಿಂದ ಬಂದ್ರೆ ಗೊತ್ತಾಗ್ಲಿ ಅಂತ." ಚೈನು ಹಿಡಿದುಕೊಂಡಳು. "ನಿಮಗಲ್ಲ."

ಒಳಗೆ ತಟ್ಟೆಯೊಂದು ಬಿದ್ದು ಚೂರಾಯಿತು. "ಬಾಗಿಲು ಹಾಕು ಆಶ್ಲಿ!" ಬೆನಿಟಾ ಕಿರುಚಿದಳು.

ಆನ್ಸೆಲ್ಮ್ ಸಂದಿಗೆ ಬೂಟು ತುರುಕಿದ. "ಚೈನು ತೆಗಿ ಮಗಾ. ಪಪ್ಪನಿಗೆ ಸಿಟ್ಟಿಲ್ಲ."

ಆಶ್ಲಿ ಅವನ ಬೂಟು ನೋಡಿದಳು, ಮುಷ್ಟಿ ನೋಡಿದಳು. ಆಮೇಲೆ ಸಂದಿಯಿಂದ ಕೈ ಹೊರಗೆ ಚಾಚಿ, ಬೆರಳಲ್ಲಿದ್ದ ಕೆಂಪು ಕ್ರೆಯಾನಿನಿಂದ ಬಿಳಿ ಬಾಗಿಲಿನ ಹೊರಗೆ ಒಂದು ಶಿಲುಬೆ ಎಳೆದಳು.