ಕಿತ್ತು ಕಟ್ಟಿದ ಕಾರು

ಹಿತ್ತಲ ಬಾಗಿಲಿನಿಂದ ಇನ್ನೊಂದು ಗೋಣಿಚೀಲ ಹೊರಟಿತು. ಕಾರಿನಡಿ ಅಂಗಾತ ಮಲಗಿದ್ದ ಹಲ್ಲಿನ ಡಾಕ್ಟರಿಗೆ ಕಂಡದ್ದು ನಾಲ್ಕು ಕಾಲು ಮಾತ್ರ. ಎರಡು ಹೆಂಡತಿಯವು, ಎರಡು ಅವಳ ತಮ್ಮನವು. ಚೀಲದೊಳಗೆ ಕಬ್ಬಿಣ ಕಣಕಣ ಎಂದಿತು.

"ಏನೇ ಅದು?"

"ನೀವು ಬಿಸಾಕಿದ್ದೇ ರೀ. ಬೇರೇನೂ ಮುಟ್ಟಿಲ್ಲ."

ಡಾಕ್ಟರು ತೆವಳಿ ಹೊರಬಂದು ಚೀಲದ ಬಾಯಿ ಬಿಚ್ಚಿಸಿದರು. ನಿಜವೇ. ತುಕ್ಕು ತಿಂದ ಬ್ರೇಕು, ಮಸಿ ಹಿಡಿದ ಗೇರುಪೆಟ್ಟಿಗೆ, ಎಲ್ಲ ಅವರೇ ಕಿತ್ತೆಸೆದ ಹೊಲಸು. ಗೇಟು, ಕಿಟಕಿ ಸರಳು ಬೆಸುಗೆ ಹಾಕಿ ಬದುಕುವ ಭಾಮೈದನಿಗೆ ಇದೇ ಬಂಗಾರವಿರಬೇಕು.

"ಏನ್ ಮಾಡ್ತೀಯಪ್ಪ ಇದನ್ನೆಲ್ಲ?"

"ಕೂಡಿಸ್ತೀನಿ ಭಾವ."

"ಗೇಟಾ?"

"ಗೇಟು ದಾಟಿ ಹೋಗೋ ಅಂಥದ್ದು ಏನಾದ್ರೂ."

ಡಾಕ್ಟರು ಹೊಟ್ಟೆ ಕುಲುಕಿಸಿ ನಕ್ಕು ಮತ್ತೆ ಕಾರಿನಡಿ ಸರಿದರು.

ಕಾರು ಮಾವನದು. ನೆಲಕ್ಕೆ ಒತ್ತಿಕೊಂಡಂತಿದ್ದ, ಇಬ್ಬರೇ ಕೂರುವ ಕೆಂಪು ಕಾರು. ಊರ ಹಿಂದಿನ ಗುಡ್ಡ ಹತ್ತುವ ಪಂದ್ಯದಲ್ಲಿ ಒಂದು ಕಾಲಕ್ಕೆ ಅದನ್ನು ಮೀರಿಸಿದ ಕಾರಿರಲಿಲ್ಲ. ಮಾವ ಹೋದ ಮೇಲೆ ಟಾರ್ಪಾಲಿನ ಕೆಳಗೆ ಕೊಳೆಯಿತು. ಸೀಟಿನಲ್ಲಿ ಇಲಿಗಳ ಮೊಮ್ಮಕ್ಕಳೂ ಸಂಸಾರ ಹೂಡಿದ್ದವು. ಬದುಕಿದ್ದಾಗ ಆ ಮನುಷ್ಯ ಅಳಿಯನನ್ನು ಸ್ಟೀರಿಂಗಿನ ಹತ್ತಿರ ಬಿಟ್ಟವರಲ್ಲ. "ಅಳಿಯಂದ್ರು ಹಲ್ಲು ಕೀಳ್ಲಿ, ಕ್ಲಚ್ಚಿನ ಸಹವಾಸ ಬೇಡ" ಎಂದು ಪಂದ್ಯದ ಗೆಳೆಯರೆಲ್ಲರ ಮುಂದೆ ಅಂದುಬಿಟ್ಟಿದ್ದರು. ಆ ಮಾತು ಡಾಕ್ಟರ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು. ಅದೇ ಕಾರಿನಲ್ಲಿ, ಅದೇ ಗುಡ್ಡವನ್ನು, ಅದೇ ಮುದುಕರ ಮುಂದೆ ಹತ್ತಬೇಕು. ಇಲ್ಲದಿದ್ದರೆ ಸತ್ತರೂ ಮಾವನೇ ಗೆದ್ದ ಹಾಗೆ.

ಪಂದ್ಯದ ಕಟ್ಟಳೆ ಸರಳ. ಕಾರು ಹಳೆಯದಾಗಿರಬೇಕು, ರಸ್ತೆಯ ಮೇಲೆ ತಾನಾಗಿ ಓಡಿಕೊಂಡು ಬರಬೇಕು, ಚೌಕಟ್ಟಿನ ಮೇಲೆ ಕಾರ್ಖಾನೆ ಒತ್ತಿದ ನಂಬರು ಇರಬೇಕು.

ಡಾಕ್ಟರ ಕಟ್ಟಳೆ ಇನ್ನೂ ಸರಳ. ಅಲುಗಾಡಿದ್ದನ್ನು ಕೀಳು, ಹೊಸದನ್ನು ಕೂರಿಸು. ಬಾಯಿಗೆ ಒಗ್ಗಿದ ವಿದ್ಯೆ ಬಾನೆಟ್ಟಿಗೆ ಒಗ್ಗದೇ ಇರುತ್ತದೆಯೇ? ಚಕ್ರ ಹೋಯಿತು, ಸೀಟು ಹೋಯಿತು, ಬಾಗಿಲು ಹೋಯಿತು. ಎಂಜಿನ್ನು ಇಳಿಸಿದ ದಿನ ಹೆಂಡತಿ ಚಹಾ ಹಿಡಿದು ಬಂದವಳು ಅಲ್ಲೇ ನಿಂತಳು.

"ಬರೀ ಪಿಸ್ಟನ್ ರಿಂಗು ಬದಲಾಯಿಸಿದ್ರೆ ಸಾಕಿತ್ತಲ್ವಾ?"

"ಯಾರು ಹೇಳಿದ್ದು?"

"ಅಪ್ಪ ಹಂಗೇ ಮಾಡ್ತಿದ್ರು. ಮೂರನೇ ತಿರುವಲ್ಲಿ ಸೆಕೆಂಡ್ ಗೇರಿಗೆ ಇಳೀತಿದ್ರು. ಪಕ್ಕದಲ್ಲಿ ಕೂತೂ ಕೂತೂ ನನ್ನ ಕಾಲೂ ಒತ್ತೋದು ಕಲ್ತಿತ್ತು."

"ಒತ್ತಲಿ, ಹೊಲಿಗೆ ಮಿಷನ್ ಒತ್ತಲಿ," ಎಂದರು ಡಾಕ್ಟರು. ತಮ್ಮ ಹಾಸ್ಯವನ್ನು ತಾವೇ ಮೆಚ್ಚಿ ಚಹಾ ಹೀರಿದರು. ಲೋಟ ತೆಗೆದುಕೊಳ್ಳಲು ಚಾಚಿದ ಅವಳ ಉಗುರುಗಳ ಸಂದಿನಲ್ಲಿ ಕಪ್ಪು ಗ್ರೀಸಿತ್ತು. ಪಾತ್ರೆ ತೊಳೆದ ಮಸಿ ಎಂದುಕೊಂಡರು.

ಕೊನೆಗೆ ಉಳಿದದ್ದು ಚೌಕಟ್ಟು. ಅಲ್ಲಲ್ಲಿ ತುಕ್ಕು ಕಂಡದ್ದೇ ತಡ, ಡಾಕ್ಟರು ಹೊಸದು ಮಾಡಿಸಿದರು.

"ಅದನ್ನೂ ಬಿಸಾಕ್ತೀರಾ?" ಎಂದಳು ಹೆಂಡತಿ. ಬೇಡ ಅನ್ನಲಿಲ್ಲ. ಖಾತ್ರಿ ಮಾಡಿಕೊಳ್ಳುವವಳ ಹಾಗೆ ಮತ್ತೊಮ್ಮೆ ಕೇಳಿದಳು. "ನಿಜವಾಗ್ಲೂ ಬೇಡ್ವಾ?"

"ಹುಳುಕು ಹಲ್ಲನ್ನ ಯಾರಾದ್ರೂ ಜೋಪಾನ ಮಾಡ್ತಾರೇನೇ?"

ಸಂಜೆಯೊಳಗೆ ಭಾಮೈದ ಅದನ್ನು ಗಾಡಿಗೇರಿಸಿ ಒಯ್ದ. ಡಾಕ್ಟರು ಹಳೆಯ ನಂಬರನ್ನು ಹೊಸ ಚೌಕಟ್ಟಿನ ಮೇಲೆ ತಮ್ಮ ಕೈಯಾರೆ ಕೆತ್ತಿದರು. ಕಾರ್ಖಾನೆಯವರದಕ್ಕಿಂತ ಎಷ್ಟೋ ಸಾಲಾಗಿ, ಅಂದವಾಗಿ ಬಂತು.

ಪಂದ್ಯದ ಬೆಳಗ್ಗೆ ಹೆಂಡತಿ ಬೇಗನೆ ಹೊರಟು ನಿಂತಳು. "ತಮ್ಮನ ಮನೆಗೆ ಹೋಗಿ ಅಲ್ಲಿಂದಲೇ ಬರ್ತೀನಿ. ನನಗೆ ಕಾಯ್ಬೇಡಿ."

"ನಡ್ಕೊಂಡು ಬಂದ್ರೆ ನಾನು ಹತ್ತಿ ಇಳಿದಾಗಿರುತ್ತೆ."

"ನೋಡೋಣ ಬಿಡಿ."

ಗುಡ್ಡದ ಬುಡದಲ್ಲಿ ಕೆಂಪು ಕಾರು ಮದುಮಗನಂತೆ ಮಿಂಚುತ್ತಿತ್ತು. ಮಾವನ ಗೆಳೆಯರಾದ ಮುದುಕರು ಒಂದು ಸುತ್ತು ಬಂದರು, ಮುಖ ಮುಖ ನೋಡಿಕೊಂಡರು. ಹೊಟ್ಟೆಕಿಚ್ಚು, ಎಂದುಕೊಂಡರು ಡಾಕ್ಟರು. ತಪಾಸಣೆಯವನು ಬಗ್ಗಿ ನಂಬರಿನ ಮೇಲೆ ಬೆರಳಾಡಿಸಿದ. ಬಗ್ಗಿದವನು ಬಹಳ ಹೊತ್ತು ತಲೆಯೆತ್ತಲಿಲ್ಲ. ಮೇಲೆ ಮೂರನೇ ತಿರುವಿನಲ್ಲಿ ಯಾವುದೋ ಕಾರು ಸೆಕೆಂಡ್ ಗೇರಿಗೆ ಇಳಿದು ಗುಡುಗಿತು. ಮುದುಕರೆಲ್ಲ ಒಟ್ಟಿಗೆ ಕತ್ತೆತ್ತಿದರು. ಒಬ್ಬ ಟೋಪಿ ತೆಗೆದ.

"ಸಾರ್, ಇದೇ ನಂಬರಿನ ಕಾರು ಆಗಲೇ ಗುಡ್ಡ ಹತ್ತುತ್ತಾ ಇದೆಯಲ್ಲ," ಎಂದ ತಪಾಸಣೆಯವನು, ಮೆಲ್ಲಗೆ. "ಓಡಿಸ್ತಿರೋ ಮೇಡಮ್ಮು ಹೇಳಿ ಹೋದ್ರು, 'ನನ್ನ ಹಿಂದೇನೇ ನಮ್ಮ ಯಜಮಾನ್ರು ಇದರ ಕಟ್ಟಿಸಿದ ಹಲ್ಲು ತರ್ತಾರೆ, ಸ್ವಲ್ಪ ಮೆತ್ತಗೆ ಮಾತಾಡಿಸಿ' ಅಂತ."